ನಿಮಗಿದು ಗೊತ್ತೆ? ಆ ಗುಲಾಬಿ ಹೊಂಡಗಳು ಕೆರೆಗಳಲ್ಲ!

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಪೂರ್ವ ಭಾಗದ ಮೇಲೆ ವಿಮಾನದಲ್ಲಿ ಹಾರಿದರೆ, ಉದ್ದುದ್ದ ಶೆಡ್ಡುಗಳ ಪಕ್ಕ ಗುಲಾಬಿ ಬಣ್ಣದ ಹೊಂಡಗಳು ಕಾಣುತ್ತವೆ. ಅವುಗಳಲ್ಲಿ ತುಂಬಿರುವುದು ಸಾವಿರಗಟ್ಟಲೆ ಹಂದಿಗಳ ಮಲಮೂತ್ರ, ಬಣ್ಣ ಬ್ಯಾಕ್ಟೀರಿಯಾದ್ದು. ಮಾಂಸಕ್ಕಾಗಿ ಕೂಡಿಹಾಕಿದ ಹಂದಿಗಳು ಸಂದಿ ಬಿಟ್ಟ ನೆಲದ ಮೇಲೆಯೇ ಬೆಳೆಯುತ್ತವೆ. ಕೆಳಗೆ ಬಿದ್ದ ಗಲೀಜನ್ನು ನೀರು ಹಾಯಿಸಿ ಹೊಂಡಕ್ಕೆ ಬಿಡುತ್ತಾರೆ. ಹೊಂಡ ತುಂಬುತ್ತ ಬಂದರೆ ಪಂಪು ಹಚ್ಚಿ ಹೊಲಗಳಿಗೆ ಚಿಮ್ಮಿಸುತ್ತಾರೆ. ಗಾಳಿ ತಿರುಗಿತೋ, ಆ ನಾತ ನೆರೆಮನೆಗಳಿಗೆ ನುಗ್ಗುತ್ತದೆ. ಅಲ್ಲಿರುವವರಲ್ಲಿ ಬಡವರು, ಕಪ್ಪು ಜನರು ಬಹಳ. ಅಗ್ಗದ ಮಾಂಸದ ನಿಜವಾದ ಬೆಲೆ ತೆರುತ್ತಿರುವವರು ಇವರೇ.

1995ರ ಜೂನ್‌ನಲ್ಲಿ ಇಂಥ ಒಂದು ಹೊಂಡದ ಏರಿ ಒಡೆದು, ಸುಮಾರು 9.5 ಕೋಟಿ ಲೀಟರ್ ಗಲೀಜು ಹರಿದು ನ್ಯೂ ನದಿ ಸೇರಿತು. ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. 1997ರಲ್ಲಿ ರಾಜ್ಯ ಸರ್ಕಾರ ಹೊಸ ಹೊಂಡಗಳಿಗೆ ತಡೆ ಹಾಕಿತು, ಹಳೆಯವು ಹಾಗೇ ಉಳಿದವು. 2018ರ ಫ್ಲಾರೆನ್ಸ್ ಚಂಡಮಾರುತದಲ್ಲಿ ಅವುಗಳಲ್ಲಿ ಹಲವು ಉಕ್ಕಿ ಹರಿದವು. ಆಗ ರಾಜ್ಯದಲ್ಲಿ ಸತ್ತ ಸಾಕುಕೋಳಿ, ಟರ್ಕಿಗಳು ಕನಿಷ್ಠ 34 ಲಕ್ಷ, ಹಂದಿಗಳು ಸುಮಾರು 5,500. ಮುಚ್ಚಿದ ಶೆಡ್ಡುಗಳಿಗೆ ನೀರು ನುಗ್ಗಿದಾಗ ಓಡಿಹೋಗಲು ಅವಕ್ಕೆ ದಾರಿಯೇ ಇರಲಿಲ್ಲ.