ದನದ ದವಾಖಾನೆಗೆ ಯಾರು ಹೋಗಬೇಕು?

ಇಶಾ ನಮಾಝ್ ಮುಗಿದು ಮನೆಮಂದಿಯೆಲ್ಲ ಮಲಗುವ ಹೊತ್ತು. ಅಂಗಳದಲ್ಲಿ ಕಟ್ಟಿದ ಆಡು ಕರಕರ ಹಲ್ಲು ಕಡಿಯುತ್ತಿದೆ. ಮೇವು ಮುಟ್ಟಿಲ್ಲ, ಮೆಲುಕು ಹಾಕುತ್ತಿಲ್ಲ, ಎಡಗಡೆಯ ಹೊಟ್ಟೆ ಹಲಗೆಯಂತೆ ಬಿಗಿದಿದೆ. ಇದನ್ನು ಮೊದಲು ಕಾಣುವವರು ಯಾರು? ನೀವೇ ಅಲ್ಲವೇ? ಬೆಳಿಗ್ಗೆ ಅದರ ಮುಂದೆ ಸೊಪ್ಪು ಹಾಕಿದವರು ನೀವು, ಮಧ್ಯಾಹ್ನ ನೀರು ಇಟ್ಟವರು ನೀವು, ಅದು ಎಷ್ಟು ಹಿಕ್ಕೆ ಹಾಕಿದೆ ಎಂದು ಕಸ ಗುಡಿಸುವಾಗ ಕಂಡವರೂ ನೀವು. ಆದರೆ ಅದನ್ನು ದವಾಖಾನೆಗೆ ಒಯ್ಯುವವರು ಮಾತ್ರ ಬೇರೆ. ಮಗ, ಮೈದುನ, ಇಲ್ಲವೇ ಓಣಿಯ ಆಟೋ ಹುಡುಗ. ಡಾಕ್ಟರು ಕೇಳುವ ಮೊದಲ ಪ್ರಶ್ನೆಗೇ ಅವರ ಬಳಿ ಉತ್ತರವಿರುವುದಿಲ್ಲ.

ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮನೆಗಳಲ್ಲಿ ಸಾಕುಪ್ರಾಣಿ ಎಂದರೆ ಹೆಚ್ಚಾಗಿ ಆಡು, ಕೋಳಿ, ಬೆಕ್ಕು. ಆಡು ಎಂಬುದು ಅಂಗಳದಲ್ಲಿ ಕಟ್ಟಿದ ಉಳಿತಾಯದ ಖಾತೆ. ಗಂಡ ಕಲ್ಲಿನ ಖಣಿಗೋ ಸಿಮೆಂಟ್ ಕಾರ್ಖಾನೆಗೋ ಕೂಲಿಗೆ ಹೋಗುವ ಮನೆಯಲ್ಲಿ ಮಗಳ ಕಾಲೇಜಿನ ಫೀಜು ಎಷ್ಟೋ ಸಲ ಆಡಿನ ಮರಿಯಿಂದಲೇ ಬರುತ್ತದೆ. ಆದ್ದರಿಂದ 'ಒಂದು ಜಾನವರಿಗೆ ಇಷ್ಟೇಕೆ ಓಡಾಟ' ಎಂದು ಯಾರಾದರೂ ಅಂದರೆ ಅವರಿಗೆ ಮನೆಯ ಲೆಕ್ಕ ಗೊತ್ತಿಲ್ಲ ಎಂದೇ ಅರ್ಥ.

ಒಮ್ಮೆ ತಾಲೂಕು ಪಶು ಆಸ್ಪತ್ರೆಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ನಮ್ಮ ಮದ್ರಸಾದ ಹದಿಮೂರು ವರ್ಷದ ಹುಡುಗ ಆಡನ್ನು ಟಂಟಂನಲ್ಲಿ ಹಾಕಿಕೊಂಡು ಬಂದಿದ್ದ. "ನಿನ್ನೆ ಏನ್ ತಿಂದಿತ್ತು?" ಎಂದು ಡಾಕ್ಟರು ಕೇಳಿದರು. "ಗೊತ್ತಿಲ್ರಿ ಸರ್, ಅಮ್ಮಿಗೆ ಗೊತ್ರಿ" ಎಂದ. "ಗಬ್ಬ ಇದೆಯೇನು?" ಅದೂ ಅಮ್ಮಿಗೇ ಗೊತ್ತು. ಕೊನೆಗೆ ಅಮ್ಮಿಗೆ ಫೋನ್ ಹಚ್ಚಿದಾಗ ಸಂಗತಿ ತಿಳಿಯಿತು: ಹಿಂದಿನ ದಿನ ಓಣಿಯಲ್ಲಿ ವಲೀಮಾ ಇತ್ತು, ಉಳಿದ ಅನ್ನವನ್ನು ಯಾರೋ ಬುಟ್ಟಿಗಟ್ಟಲೆ ಆಡಿನ ಮುಂದೆ ಸುರಿದಿದ್ದರು. ಆ ಒಂದು ಮಾತಿನಿಂದ ಚಿಕಿತ್ಸೆಯ ದಾರಿ ತಿಳಿಯಾಯಿತು. ಅನ್ನ, ರೊಟ್ಟಿ, ಹಿಟ್ಟು, ಕಾಳು ಅತಿಯಾದರೆ ಆಡಿನ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಹಸಿ ಮೇವು ತಿಂದು ಬರುವ ಗಾಳಿಯ ಉಬ್ಬರ ಬೇರೆ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ, ಮದ್ದು ಒಂದೇ ಅಲ್ಲ.

ಹಾಗಾಗಿ ಸಾಧ್ಯವಾದರೆ ನೀವೇ ಜೊತೆಗೆ ಹೋಗಿ. ಸಾಧ್ಯವಾಗದಿದ್ದರೆ ಒಂದು ಚೀಟಿ ಬರೆದು ಹುಡುಗನ ಜೇಬಿಗೆ ಹಾಕಿ. ಯಾವಾಗಿನಿಂದ ಹೀಗಿದೆ, ಕೊನೆಗೆ ಏನು ತಿಂದಿತು, ಹಿಕ್ಕೆ ಮತ್ತು ಮೂತ್ರ ಯಾವಾಗ ಆಯಿತು, ಗಬ್ಬವಾಗಿದ್ದರೆ ಎಷ್ಟು ತಿಂಗಳು, ಯಾವ ಲಸಿಕೆ ಹಾಕಿಸಿದ್ದೀರಿ, ಮನೆಯಲ್ಲಿ ಏನಾದರೂ ಮದ್ದು ಕುಡಿಸಿದ್ದೀರಾ. ಕೊನೆಯದನ್ನು ಮುಚ್ಚಿಡಬೇಡಿ. ಸೋಡಾ ಕುಡಿಸಿದ್ದರೆ ಸೋಡಾ ಎಂದೇ ಬರೆಯಿರಿ. ಡಾಕ್ಟರು ಬೈಯಬಹುದು, ಬೈಯಲಿ. ಕನ್ನಡದಲ್ಲಿ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳಿಗೆ ಹೇಳಿ ಬರೆಯಿಸಿ. ಅವಳಿಗೂ ಒಂದು ಪಾಠವಾದೀತು.

ಬೆಳಗಾಗಲಿ ನೋಡೋಣ ಎನ್ನಬಹುದಾದದ್ದು ಯಾವುದು, ಎನ್ನಬಾರದ್ದು ಯಾವುದು? ಒಂದು ಹೊತ್ತು ಮೇವು ಬಿಟ್ಟು, ಆದರೆ ಚುರುಕಾಗಿ ಓಡಾಡಿಕೊಂಡಿರುವ ಪ್ರಾಣಿ ಬೆಳಗಿನವರೆಗೆ ಕಾಯಬಹುದು. ಹೊಟ್ಟೆ ಉಬ್ಬಿ ಉಸಿರಿಗೆ ತಿಣುಕುವ ಆಡು ಕಾಯಲಾರದು. ಒಂದು ತಾಸು ಮುಕ್ಕಿದರೂ ಮರಿ ಮುಂದೆ ಬಾರದಿದ್ದರೆ ಕಾಯಬಾರದು. ಒಳಗೆ ಕೈಹಾಕಿ ಎಳೆಯುವ ಧೈರ್ಯವನ್ನೂ ಮಾಡಬಾರದು. ನಮ್ಮ ಜೋಳದ ಸೀಮೆಯಲ್ಲಿ ಇನ್ನೊಂದು ಅಪಾಯವಿದೆ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳ, ಕೊಯ್ದ ಮೇಲೆ ಬುಡದಿಂದ ಮತ್ತೆ ಚಿಗುರಿದ ಜೋಳ, ಇವುಗಳಲ್ಲಿ ಸೈನೈಡ್ ವಿಷ ಹುಟ್ಟುವ ಗುಣವಿದೆ. ಹೊಲದಲ್ಲಿ ಅದನ್ನು ಮೇದ ಪ್ರಾಣಿ ನಿಂತಲ್ಲೇ ಏದುಸಿರು ಬಿಟ್ಟು, ತೂರಾಡಿ ಬೀಳುತ್ತದೆ. ಅದಕ್ಕೆ ಪ್ರತಿವಿಷದ ಇಂಜೆಕ್ಷನ್ ಇದೆ. ಆದರೆ ಸಮಯ ಸಿಗುವುದು ನಿಮಿಷಗಳ ಲೆಕ್ಕದಲ್ಲಿ. ಫೋನ್ ಮಾಡುವಾಗಲೇ 'ಜೋಳ ಮೇದಿದೆ' ಎಂದುಬಿಡಬೇಕು.

ಬೆಕ್ಕಿನ ವಿಷಯ ಸ್ವಲ್ಪ ಬೇರೆ. ನೋವನ್ನು ಬಚ್ಚಿಡುವುದರಲ್ಲಿ ಬೆಕ್ಕಿನಷ್ಟು ಜಾಣ ಪ್ರಾಣಿ ಇನ್ನೊಂದಿಲ್ಲ. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು, ಕೂಗಿ, ಹನಿಯೂ ಬಾರದೆ ಎದ್ದರೆ ಅದನ್ನು ಮಲಬದ್ಧತೆ ಎಂದು ತಿಳಿದು ಎಣ್ಣೆ ಕುಡಿಸುತ್ತಾ ಕೂರಬೇಡಿ. ಮೂತ್ರದ ದಾರಿ ಕಟ್ಟಿಕೊಂಡಿದ್ದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಬೆಕ್ಕು ನಾಯಿಯಂತೆ ಬಾಯಿ ತೆರೆದು ಉಸಿರಾಡುತ್ತಿದ್ದರೆ ಅದೂ ತುರ್ತೇ. ಇನ್ನೊಂದು ಮಾತನ್ನು ದಯವಿಟ್ಟು ನೆನಪಿಡಿ: ಮಗುವಿನ ಜ್ವರಕ್ಕೆಂದು ತಂದಿಟ್ಟ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಕೊಲ್ಲಬಲ್ಲದು. ಪ್ರೀತಿಯಿಂದ ಕೊಟ್ಟರೂ ಅಷ್ಟೇ.

ಬೆಕ್ಕೋ ನಾಯಿಯೋ ಇಲಿ ಪಾಷಾಣ ತಿಂದಿದ್ದರೆ ಅದರ ಪೊಟ್ಟಣವನ್ನು ಹುಡುಕಿ ಜೊತೆಗೆ ಒಯ್ಯಿರಿ. ಇಲಿ ಪಾಷಾಣಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವವು ಬೇರೆ, ಹೊಟ್ಟೆಯಲ್ಲಿ ವಿಷಾನಿಲ ಹುಟ್ಟಿಸುವವು ಬೇರೆ. ಮೊದಲನೆಯದಕ್ಕೆ ವಿಟಮಿನ್ ಕೆ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ನೇರ ಪ್ರತಿವಿಷವೇ ಇಲ್ಲ. ಹೊಟ್ಟೆ ಉಬ್ಬಿದ ಪ್ರಾಣಿಯ ತಲೆ ಮೇಲಕ್ಕೆತ್ತಿ ಗೊಟ್ಟದಿಂದ ಎಣ್ಣೆ ಸುರಿಯುವ ಅಭ್ಯಾಸ ನಮ್ಮಲ್ಲಿದೆ. ಅದು ಶ್ವಾಸಕೋಶಕ್ಕೆ ಇಳಿದರೆ ಉಬ್ಬರಕ್ಕಿಂತ ದೊಡ್ಡ ರೋಗವನ್ನು ನಾವೇ ತಂದಂತೆ.

ಇನ್ನು ಒಯ್ಯುವ ಬಗೆ. ಬುರ್ಖಾದೊಳಗೆ ಬೆಕ್ಕನ್ನು ಅವಚಿಕೊಂಡು ಬೈಕಿನ ಹಿಂದೆ ಕುಳಿತು ಹೋಗುವುದನ್ನು ಕಂಡಿದ್ದೇನೆ. ವಾಡಿ ರಸ್ತೆಯಲ್ಲಿ ಒಂದು ಸಿಮೆಂಟ್ ಲಾರಿ ಹಾರ್ನ್ ಹೊಡೆದರೆ ಆ ಬೆಕ್ಕು ನಿಮ್ಮ ಮುಖ ಪರಚಿ ಹಾರುತ್ತದೆ. ತರಕಾರಿಯ ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಬಾಯಿಗೆ ಬಾಯಿ ಕೂಡಿಸಿ ಹಗ್ಗದಿಂದ ಬಿಗಿದರೆ ಒಳ್ಳೆಯ ಪೆಟ್ಟಿಗೆಯಾಯಿತು. ಉಬ್ಬಿದ ಆಡನ್ನು ನಾಲ್ಕು ಕಾಲು ಕಟ್ಟಿ ಅಡ್ಡ ಮಲಗಿಸಬೇಡಿ. ಮುಂಗಾಲಿನ ಕಡೆ ಎತ್ತರವಿರುವಂತೆ ಎದೆಯ ಮೇಲೆ ಕೂರಿಸಿ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಒದ್ದೆ ಬಟ್ಟೆ, ನೀರಿನ ಬಾಟಲಿ ಜೊತೆಗಿರಲಿ.

ಎಲ್ಲಿಗೆ ಒಯ್ಯುವುದು? ಬೆಂಗಳೂರಿನಲ್ಲಿ 24 ತಾಸೂ ತೆರೆದಿರುವ ಖಾಸಗಿ ಪಶು ಆಸ್ಪತ್ರೆಗಳಿವೆ. ನಮ್ಮಲ್ಲಿ ಮೊದಲ ಮೆಟ್ಟಿಲು ಸರ್ಕಾರಿ ಪಶು ಆಸ್ಪತ್ರೆಯೇ. ರಾಜ್ಯದಲ್ಲಿ 'ಪಶು ಸಂಜೀವಿನಿ' ಎಂಬ ಸಂಚಾರಿ ಚಿಕಿತ್ಸಾ ವಾಹನಗಳು ಆರಂಭವಾಗಿವೆ. 1962 ಸಂಖ್ಯೆಗೆ ಕರೆ ಮಾಡಿ ಊರು, ಪ್ರಾಣಿ, ತೊಂದರೆ ಹೇಳಿದರೆ ವಾಹನ ಬರಬಲ್ಲದೇ, ನೀವೇ ಹೊರಡಬೇಕೇ ಎಂಬುದಾದರೂ ತಿಳಿಯುತ್ತದೆ. ವಾಡಿ, ಶಹಾಬಾದ್, ಚಿತ್ತಾಪುರದವರಿಗೆ ದೊಡ್ಡ ಚಿಕಿತ್ಸೆಗೆ ಕಲಬುರಗಿ ಇದೆ. ಚಿಂಚೋಳಿಯವರು ಬೀದರನ್ನು ಮರೆಯಬಾರದು. ಅಲ್ಲಿನ ನಂದಿನಗರದಲ್ಲಿ ಪಶುವೈದ್ಯ ಕಾಲೇಜೂ, 2004ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇವೆ. ಇಡೀ ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯ ನಮ್ಮ ಮಗ್ಗುಲಲ್ಲೇ ಇದೆ ಎಂಬುದು ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಹೊರಡುವ ಮೊದಲು ಯಾರಿದ್ದಾರೆ ಎಂದು ಫೋನ್ ಮಾಡಿ ಕೇಳಿ. ನಿಮ್ಮ ಊರಿನ ಪಶುವೈದ್ಯರ ನಂಬರನ್ನು ತೊಂದರೆ ಬರುವ ಮುಂಚೆಯೇ ಬರೆದಿಟ್ಟುಕೊಳ್ಳಿ.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಹೆಸರು ಬರೆಸಬೇಕು. ಯಜಮಾನರ ಹೆಸರು, ಪ್ರಾಣಿಯ ವಯಸ್ಸು, ಗಂಡೋ ಹೆಣ್ಣೋ, ತೂಕ. ಆದರೆ ಪ್ರಾಣಿಗೆ ಉಸಿರು ಸಿಗುತ್ತಿಲ್ಲ, ರಕ್ತ ನಿಲ್ಲುತ್ತಿಲ್ಲ, ಹಾವು ಕಚ್ಚಿದೆ ಎಂದಾದರೆ ಸಾಲಿನ ಕೊನೆಗೆ ಹೋಗಿ ಸಂಕೋಚದಿಂದ ನಿಲ್ಲಬೇಡಿ. ಬಾಗಿಲಲ್ಲೇ ಗಟ್ಟಿಯಾಗಿ ಹೇಳಿ. ಚೀಟಿ ಆಮೇಲೆ ಬರೆಸಬಹುದು. ಕೆಲವು ಕಡೆ ಸಿಬ್ಬಂದಿ ಹೆಣ್ಣುಮಕ್ಕಳ ಮಾತಿಗೆ ಕಿವಿಗೊಡದೆ 'ಮನೇಲಿ ಗಂಡಸರು ಯಾರೂ ಇಲ್ಲವೇ' ಎಂದು ಕೇಳುವುದುಂಟು. ಉತ್ತರ ನಿಮ್ಮ ಬಳಿ ಇದ್ದೇ ಇದೆ: 'ಇದ್ದಾರೆ, ಅವರಿಗೆ ಇದರ ಬಗ್ಗೆ ಗೊತ್ತಿಲ್ಲ.' ಆಪರೇಷನ್ ಎಂದರೆ ಒಪ್ಪಿಗೆಯ ಸಹಿ ಕೇಳುತ್ತಾರೆ. ಸಹಿ ಮಾಡುವ ಮೊದಲು ಮೂರು ಪ್ರಶ್ನೆ ಕೇಳುವ ಹಕ್ಕು ನಿಮಗಿದೆ. ಬದುಕುವ ಭರವಸೆ ಎಷ್ಟು, ಖರ್ಚು ಎಷ್ಟು, ಮಾಡಿಸದಿದ್ದರೆ ಏನಾಗುತ್ತದೆ. 'ನಮ್ಮಿಂದ ಇಷ್ಟೇ ಸಾಧ್ಯ' ಎಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ. ಅದಕ್ಕೆ ತಕ್ಕಂತೆ ದಾರಿ ಹುಡುಕುವುದು ಡಾಕ್ಟರಿಗೆ ಹೊಸದಲ್ಲ.

ಈಗ ಒಂದು ಕಷ್ಟದ ಮಾತು. ಆಡು ನೆಲ ಹಿಡಿದ ಕೂಡಲೇ ಓಣಿಯಲ್ಲಿ ಒಬ್ಬರಾದರೂ 'ಸಾಯುವ ಮೊದಲು ಹಲಾಲ್ ಮಾಡಿಬಿಡಿ, ಮಾಂಸವಾದರೂ ಸಿಗಲಿ' ಎನ್ನುತ್ತಾರೆ. ಜೀವವಿರುವಾಗ ದಬಹ್ ಮಾಡಿದರೆ ಹಲಾಲ್ ಎಂಬ ಮಸ್ಅಲಾ ನಿಜ. ಆದರೆ ಹಲಾಲ್ ಜೊತೆಗೆ ತಯ್ಯಿಬ್ ಎಂಬ ಪದವೂ ಕುರ್‌ಆನಿನಲ್ಲಿದೆ. ವಿಷ ತಿಂದ ಪ್ರಾಣಿಯ, ಇಂಜೆಕ್ಷನ್ ಚುಚ್ಚಿಸಿಕೊಂಡ ಪ್ರಾಣಿಯ ಮಾಂಸವನ್ನು ಮಕ್ಕಳ ತಟ್ಟೆಗೆ ಹಾಕುವುದು ಹೇಗೆ ಶುದ್ಧವಾದೀತು? ಅಂತ್ರಾಕ್ಸ್ ಎಂಬ ರೋಗವಿದೆ. ಚೆನ್ನಾಗಿದ್ದ ಪ್ರಾಣಿ ಒಮ್ಮೆಲೇ ಬೀಳುತ್ತದೆ, ಮೂಗು-ಬಾಯಿಯಿಂದ ಹೆಪ್ಪುಗಟ್ಟದ ರಕ್ತ ಬರಬಹುದು. ಅಂಥ ಪ್ರಾಣಿಯನ್ನು ಕೊಯ್ದವರಿಗೂ ತಿಂದವರಿಗೂ ರೋಗ ಅಂಟುತ್ತದೆ. ಅನುಮಾನ ಬಂದರೆ ಕತ್ತಿ ಮುಟ್ಟದೆ ಪಶುವೈದ್ಯರನ್ನು ಕರೆಯಿರಿ.

ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಹೆಂಗಸಿನ ಹದೀಸ್ ನಿಮಗೆಲ್ಲ ಬಾಯಿಪಾಠ. ಅಲ್ಲಿ ಒಂದು ಸಂಗತಿ ನೋಡಿ: ಆಕೆ ಉಣಿಸಲೂ ಇಲ್ಲ, ತಾನೇ ಹುಡುಕಿ ತಿನ್ನಲು ಬಿಡಲೂ ಇಲ್ಲ. ಕಟ್ಟಿದ ಮೇಲೆ ಹೊಣೆ ಕಟ್ಟಿದವರದು. ಹೊಲ ಕಾಯುವ ನಾಯಿಗೂ ಇದು ಸಲ್ಲುತ್ತದೆ. ನಾಯಿಯ ಜೊಲ್ಲು ತಾಗಿದರೆ ತೊಳೆಯುವ ಮಸ್ಅಲಾ ಇರುವುದು ತೊಳೆದುಕೊಳ್ಳಲಿಕ್ಕೆ, ಅದನ್ನು ಸಾಯಲು ಬಿಡಲಿಕ್ಕಲ್ಲ. ಪ್ರಾಣಿವೈದ್ಯವನ್ನು ಪರಕೀಯವೆಂದು ನೋಡುವ ಕಾರಣವೂ ನಮಗಿಲ್ಲ. ಅರಬಿಯಲ್ಲಿ ಪಶುವೈದ್ಯನಿಗೆ 'ಬೈತಾರ್' ಎನ್ನುತ್ತಾರೆ. ಹದಿನಾಲ್ಕನೇ ಶತಮಾನದ ಈಜಿಪ್ಟಿನಲ್ಲಿ ಸುಲ್ತಾನರ ಕುದುರೆಗಳಿಗೆ ವೈದ್ಯರಾಗಿದ್ದ ಅಬೂಬಕರ್ ಅಲ್ ಬೈತಾರ್ ಈ ವಿದ್ಯೆಯ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ಉರ್ದುವಿನಲ್ಲಿ ಹಳಬರು ಹೇಳುವ 'ಸಲೋತ್ರಿ' ಎಂಬ ಪದವೋ, ಸಂಸ್ಕೃತದ ಶಾಲಿಹೋತ್ರನಿಂದ ಬಂದದ್ದು.

ನೋವಿನಲ್ಲಿರುವ ಪ್ರಾಣಿ ಸಾಕಿದವರನ್ನೂ ಕಚ್ಚುತ್ತದೆ. ನಾಯಿ, ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ರೇಬೀಸ್ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ. ಕಾಣಿಸುವ ಮುಂಚೆ ಲಸಿಕೆ ಉಳಿಸುತ್ತದೆ. ಜೊಲ್ಲು ಸುರಿಸುತ್ತಾ, ನುಂಗಲಾರದೆ ಇರುವ ಆಕಳು ಅಥವಾ ಆಡಿನ ಬಾಯೊಳಗೂ ಏನೋ ಸಿಕ್ಕಿದೆ ಎಂದು ಕೈಹಾಕಬೇಡಿ, ಅದಕ್ಕೂ ರೇಬೀಸ್ ಬರುತ್ತದೆ.

ಚಿಕಿತ್ಸೆ ಮುಗಿದು ಹೊರಡುವಾಗ ಕೇಳಲೇಬೇಕಾದದ್ದು ಇಷ್ಟು. ಇವತ್ತು ಮೇವು ಕೊಡಬಹುದೇ, ಮತ್ತೆ ಯಾವಾಗ ತರಬೇಕು, ಯಾವ ಲಕ್ಷಣ ಕಂಡರೆ ರಾತ್ರಿಯೇ ಫೋನ್ ಮಾಡಬೇಕು, ಚುಚ್ಚಿದ ಮದ್ದಿನಿಂದಾಗಿ ಎಷ್ಟು ದಿನ ಹಾಲು ಕರೆದು ಚೆಲ್ಲಬೇಕು. ಬಕ್ರೀದಿಗೆಂದು ಬೆಳೆಸಿದ ಪ್ರಾಣಿಯಾದರೆ ಎಷ್ಟು ದಿನ ಕಳೆದ ಮೇಲೆ ಮಾಂಸ ತಿನ್ನಬಹುದು ಎಂಬುದನ್ನೂ ಕೇಳಿಕೊಳ್ಳಿ. ಡಾಕ್ಟರು ಬರೆದ ಚೀಟಿಯನ್ನು ಮನೆಯ ರೇಷನ್ ಕಾರ್ಡಿನ ಜೊತೆಗಿಡಿ. ಮುಂದಿನ ಸಲ ಅದನ್ನೂ ಒಯ್ಯಿರಿ.