ಚಂದ್ರನಿಗೆ ಸುತ್ತು ದಾರಿ



ಚಂದ್ರ ನಮ್ಮಿಂದ ಸುಮಾರು 3,84,000 ಕಿ.ಮೀ. ದೂರ ಇದ್ದಾನೆ. 1969ರಲ್ಲಿ ಅಪೊಲೊ 11 ನೌಕೆ ಮೂರೇ ದಿನದಲ್ಲಿ ಅಲ್ಲಿಗೆ ಮುಟ್ಟಿತು. ಆದರೆ 2022ರ ಜೂನ್ 28ರಂದು ಅಮೆರಿಕದ ನಾಸಾ ಕಳಿಸಿದ ಕ್ಯಾಪ್‌ಸ್ಟೋನ್ ಎಂಬ ಪುಟ್ಟ ನೌಕೆಗೆ ನಾಲ್ಕೂವರೆ ತಿಂಗಳು ಹಿಡಿಯಿತು! ಅದು ಚಂದ್ರನಿಗಿಂತಲೂ ಆಚೆ, ಸುಮಾರು 15 ಲಕ್ಷ ಕಿ.ಮೀ. ದೂರ ಹೋಗಿ ತಿರುಗಿ ಬಂತು. ದಾರಿ ತಪ್ಪಿತ್ತಾ? ಇಲ್ಲ, ಬೇಕಂತಲೇ ಹಾಗೆ ಕಳಿಸಿದ್ದು.

ಕ್ಯಾಪ್‌ಸ್ಟೋನ್ ತೂಕ ಸುಮಾರು 25 ಕೆ.ಜಿ. ಅಂದರೆ ಒಂದು ಅಕ್ಕಿ ಚೀಲದಷ್ಟು. ಅದರೊಳಗೆ ಇಂಧನ ಎಷ್ಟು ಹಿಡಿಸೀತು? ಭೂಮಿಯಿಂದ ಹೊರಡಿಸುವ ಕೆಲಸ ರಾಕೆಟ್ಟಿನದು. ಚಂದ್ರನ ಸುತ್ತ ಸೇರಿಕೊಳ್ಳುವುದು ಮಾತ್ರ ನೌಕೆಯ ಪಾಲಿನದು. ಅದೇ ಕಷ್ಟ.

ಓಡುವ ಎತ್ತಿನಗಾಡಿ ಹತ್ತೋದು ಹೇಗೆ? ನಿಂತಲ್ಲೇ ನಿಂತು ಹಿಡಿಯಲು ಹೋದರೆ ಬೀಳುತ್ತೀರಿ. ಅದರ ಜೊತೆ ಅಷ್ಟೇ ವೇಗದಲ್ಲಿ ಓಡಿದರೆ ಸಲೀಸು. ಚಂದ್ರನೂ ಓಡುವ ಗಾಡಿಯೇ. ಅವನ ವೇಗ ಸೆಕೆಂಡಿಗೆ ಸುಮಾರು 1 ಕಿ.ಮೀ. ನೇರವಾಗಿ ಹೋದ ನೌಕೆಯನ್ನು ಭೂಮಿ ಹಿಂದಕ್ಕೆ ಎಳೆಯುತ್ತಾ ಇರುವುದರಿಂದ ಅಲ್ಲಿಗೆ ಮುಟ್ಟುವಾಗ ಅದು ತುಂಬಾ ನಿಧಾನವಾಗಿರುತ್ತದೆ. ಆಗ ಚಂದ್ರನನ್ನು ಹಿಡಿಯಲು ಬಹಳ ಇಂಧನ ಸುಡಬೇಕು.

ಸುತ್ತು ದಾರಿಯಲ್ಲಿ ಹಾಗಲ್ಲ. ಅಷ್ಟು ದೂರದಲ್ಲಿ ಭೂಮಿಯ ಎಳೆತ ಬಹಳ ಕಡಿಮೆ. ಅಲ್ಲಿ ಸೂರ್ಯನ ಗುರುತ್ವಾಕರ್ಷಣೆ ನೌಕೆಯ ದಾರಿಯನ್ನು ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತದೆ. ವಾಪಸ್ ಬರುವಾಗ ಅದು ಹೆಚ್ಚುಕಡಿಮೆ ಚಂದ್ರನ ಜೊತೆಜೊತೆಗೇ ಓಡುತ್ತಿರುತ್ತದೆ. ಇಂಧನ ಸ್ವಲ್ಪ ಸಾಕು. ಸೂರ್ಯ ಇದಕ್ಕೆ ದುಡ್ಡು ಕೇಳೋದಿಲ್ಲ!

ಸುತ್ತು ದಾರಿಯಿಂದ ಇನ್ನೊಂದು ಲಾಭವೂ ಆಯಿತು. ಸೆಪ್ಟೆಂಬರ್ 8ರಂದು ನೌಕೆ ಇದ್ದಕ್ಕಿದ್ದಂತೆ ಗಿರಗಿರ ತಿರುಗತೊಡಗಿತು. ಒಂದು ಕವಾಟ ಪೂರ್ತಿ ಮುಚ್ಚಿರಲಿಲ್ಲ. ಬ್ಯಾಟರಿ ಇಳಿಯಿತು, ಇಂಧನದ ಭಾಗ ತಣ್ಣಗಾಯಿತು. ವಿಜ್ಞಾನಿಗಳು ಭೂಮಿಯಿಂದಲೇ ಅದನ್ನು ಮೆಲ್ಲಗೆ ಬಿಸಿ ಮಾಡಿಸಿ, ಅಕ್ಟೋಬರ್ 7ರಂದು ತಿರುಗುವುದನ್ನು ನಿಲ್ಲಿಸಿದರು. ಅಷ್ಟು ದಿನವೂ ಅದು ತನ್ನ ದಾರಿಯಲ್ಲೇ ಸಾಗುತ್ತಿತ್ತು. ಮೂರು ದಿನದ ದಾರಿಯಾಗಿದ್ದರೆ ರಿಪೇರಿಗೆ ಒಂದು ತಿಂಗಳು ಎಲ್ಲಿ ಸಿಗುತ್ತಿತ್ತು?

ಅಮೆರಿಕದ ಲೆಕ್ಕದಲ್ಲಿ ನವೆಂಬರ್ 13ರ ಸಂಜೆ ಅದು ಚಂದ್ರನನ್ನು ಸೇರಿತು. ನಮ್ಮಲ್ಲಿ ಆಗ 14ರ ಬೆಳಗ್ಗೆ, ಮಕ್ಕಳ ದಿನಾಚರಣೆ! ಆರೂವರೆ ದಿನಕ್ಕೊಮ್ಮೆ ಚಂದ್ರನನ್ನು ಸುತ್ತುವ ಒಂದು ಉದ್ದನೆಯ ಕಕ್ಷೆಯನ್ನು ಪರೀಕ್ಷಿಸುವುದು ಅದರ ಕೆಲಸ.

2023ರಲ್ಲಿ ನಮ್ಮ ಚಂದ್ರಯಾನ-3 ಚಂದ್ರನ ಮೇಲೆ ಇಳಿಯಲು 40 ದಿನ ತೆಗೆದುಕೊಂಡಿತಲ್ಲ, ಅದರ ದಾರಿ ಬೇರೆ. ಅದು ಭೂಮಿಯನ್ನೇ ಸುತ್ತಿ ಸುತ್ತಿ ಹೋದದ್ದು. ಅದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.