ತುಂಬಿದ ಟ್ಯಾಂಕು, ಕಾದ ಗಾಳಿ

ಶಹಾಪುರ, ಸುರಪುರದ ಕಡೆ ತೊಗರಿ ಹೂ ಬಿಟ್ಟಾಗ ಕಾಯಿಕೊರಕಕ್ಕೆ ಎಣ್ಣೆ ಹೊಡೆಯಲು ಈಗ ಬೆನ್ನಿನ ಪಂಪಿನ ಜೊತೆ ಡ್ರೋನ್ ಕೂಡ ಹೊಲಕ್ಕೆ ಬರುತ್ತಿದೆ. ಬದುವಿನ ಮೇಲೆ ನಿಂತವರು ಅದು ಬೆಳೆಯ ಮೇಲೆ ಹಾರುವುದನ್ನೇ ನೋಡುತ್ತಾರೆ. ಕಣ್ಣಿಡಬೇಕಾದದ್ದು ಅದಕ್ಕೂ ಮೊದಲು, ತುಂಬಿದ ಟ್ಯಾಂಕು ಹೊತ್ತು ಅದು ನೆಲ ಬಿಡುವ ಹೊತ್ತಿನಲ್ಲಿ.

ಈ ಅಪಾಯ ಡ್ರೋನಿಗಿಂತ ಹಳೆಯದು. ವಿಮಾನದಿಂದ ಕೀಟನಾಶಕ ಉದುರಿಸುವ ಕೆಲಸ ಶುರುವಾದದ್ದು 1921ರ ಆಗಸ್ಟ್ 3ರಂದು, ಅಮೆರಿಕದ ಓಹಾಯೋದಲ್ಲಿ. ನಮ್ಮ ಎಚ್‌ಎಎಲ್ ರೂಪಿಸಿದ ಕೃಷಿ ವಿಮಾನ 'ಬಸಂತ್'ನ ಸುಧಾರಿತ ಮಾದರಿ 1972ರ ಮಾರ್ಚ್ 30ರಂದು ಹಾರಿತು. ಇಂಥ ವಿಮಾನಗಳಲ್ಲಿ ಔಷಧದ ಟ್ಯಾಂಕು ಸಾಮಾನ್ಯವಾಗಿ ಪೈಲಟ್‌ನ ಮುಂದಿರುತ್ತದೆ. ಹಿಂದಿದ್ದರೆ, ವಿಮಾನ ನೆಲಕ್ಕೆ ಬಡಿದಾಗ ಆ ಭಾರವೆಲ್ಲ ನುಗ್ಗಿ ಬಂದು ಅವನನ್ನೇ ಜಜ್ಜುತ್ತದೆ. ಅಪಘಾತವನ್ನು ಮೊದಲೇ ಲೆಕ್ಕಕ್ಕಿಟ್ಟು ಮಾಡಿದ ವಿನ್ಯಾಸ ಇದು. ಹೊಲದಂಚಿನ ಮಣ್ಣಿನ ಪಟ್ಟಿಯಿಂದ ದಿನಕ್ಕೆ ಹತ್ತಾರು ಸಲ, ಪ್ರತಿ ಸಲವೂ ಭಾರ ಹೊತ್ತು ಏಳುವ ವಿಮಾನಕ್ಕೆ ಅದು ಬೇಕೇ ಬೇಕು.

ಭಾರ ಶೇ. 10ರಷ್ಟು ಹೆಚ್ಚಾದರೆ ಸಣ್ಣ ವಿಮಾನಕ್ಕೆ ಬೇಕಾಗುವ ಓಟದ ದೂರ ಕಡಿಮೆಯೆಂದರೂ ಶೇ. 21ರಷ್ಟು ಬೆಳೆಯುತ್ತದೆ. ಇದಕ್ಕೆ ಬಿಸಿಲೂ ಸೇರಿಕೊಳ್ಳುತ್ತದೆ. ಶಹಾಪುರ, ಸುರಪುರಗಳಿರುವ ಸಗರನಾಡು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಮಧ್ಯಾಹ್ನ ಉಷ್ಣತೆ 43 ಡಿಗ್ರಿ ಮುಟ್ಟಿದಾಗ ಇಲ್ಲಿನ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ರೆಕ್ಕೆಯ ಪಾಲಿಗೆ ಅದು ಸುಮಾರು 1,500 ಮೀಟರ್ ಎತ್ತರದ ಗಾಳಿ. ನೆಲದ ಮೇಲೆ ನಿಂತ ಯಂತ್ರ ನಂದಿಬೆಟ್ಟದ ನೆತ್ತಿಯಿಂದ ಏಳಲು ಹೊರಟಂತೆ! ಎಂಜಿನ್ನಿಗೂ ಪ್ರೊಪೆಲ್ಲರಿಗೂ ಸಿಗುವುದು ಅದೇ ತೆಳು ಗಾಳಿ.

ಇನ್ನೊಂದು ಮೋಸ ನೆಲದ ಹತ್ತಿರವೇ ಇದೆ. ರೆಕ್ಕೆಗಳ ತುದಿಯಿಂದ ತುದಿಯವರೆಗಿನ ಉದ್ದದಷ್ಟು ಎತ್ತರದೊಳಗೆ ಗಾಳಿಯ ಎಳೆತ ಕಡಿಮೆ. ಹಾಗಾಗಿ ಮಿತಿಮೀರಿ ಭಾರ ಹೊತ್ತ ವಿಮಾನವೂ ನೆಲ ಬಿಡುತ್ತದೆ, ಆದರೆ ಮೇಲೇರುವುದಿಲ್ಲ. ಪಟ್ಟಿಯ ಕೊನೆಯ ಮರ ಹತ್ತಿರ ಬರುತ್ತಿದೆಯೆಂದು ಪೈಲಟ್ ಮೂಗನ್ನು ಇನ್ನಷ್ಟು ಎತ್ತಿದರೆ ರೆಕ್ಕೆ ಹಿಡಿತ ಕಳೆದುಕೊಂಡು ವಿಮಾನ ಕುಸಿಯುತ್ತದೆ. ಅದಕ್ಕೇ ಟ್ಯಾಂಕಿನ ಸರಕನ್ನೆಲ್ಲ ಕೆಲವೇ ಸೆಕೆಂಡುಗಳಲ್ಲಿ ಸುರಿದುಬಿಡುವ ತುರ್ತು ಹಿಡಿಕೆ ಇರುತ್ತದೆ. ಹಿಂಜರಿಯದೆ ಅದನ್ನು ಎಳೆದವರು ಬದುಕುಳಿದಿದ್ದಾರೆ.

ಡ್ರೋನಿಗೆ ರನ್‌ವೇ ಬೇಡ, ಗಾಳಿಯ ಲೆಕ್ಕ ಮಾತ್ರ ತಪ್ಪುವುದಿಲ್ಲ. ಹತ್ತು ಲೀಟರ್ ಖಾಲಿಯಾಗಿ 25 ಕಿಲೋ ತೂಕ 15ಕ್ಕೆ ಇಳಿದರೆ, ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ಸಿದ್ಧಾಂತದ ಪ್ರಕಾರ ಅರ್ಧಕ್ಕಿಂತ ಕಡಿಮೆ ಸಾಕು. ಅಂದರೆ ಮೋಟಾರು, ಬ್ಯಾಟರಿಗಳು ಅತಿ ಹೆಚ್ಚು ದುಡಿಯುವುದು ಏಳುವಾಗಲೇ. ನಾರಾಯಣಪುರ ಕಾಲುವೆಯ ಕೆಳಗಿನ ಬೇಸಿಗೆ ಭತ್ತಕ್ಕೆ ನಡುಮಧ್ಯಾಹ್ನ ಡ್ರೋನ್ ಏರಿಸುವುದು ಆ ದುಡಿಮೆಯ ಮೇಲೆ ಬಿಸಿಲಿನ ಹೊರೆಯನ್ನೂ ಹೇರಿದಂತೆ. ಮೇಲಾಗಿ ಆ ಹೊತ್ತಿನಲ್ಲಿ ಸಣ್ಣ ಹನಿಗಳು ಎಲೆಗೆ ತಾಕುವ ಮುಂಚೆಯೇ ಆವಿಯಾಗಬಹುದು.

ನಮ್ಮ ಎರೆಮಣ್ಣಿನ ಗುಣವೂ ಬೇರೆ. ಮಳೆಯಲ್ಲಿ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಡ್ರೋನಿನ ಒಂದು ಕಾಲು ಕೆಸರಿನಲ್ಲೋ ಬಿರುಕಿನಲ್ಲೋ ಸಿಕ್ಕಿಕೊಂಡರೆ ಉಳಿದ ಭಾಗ ಏಳುತ್ತಾ ಆ ಕಾಲಿನ ಸುತ್ತ ಮಗುಚುತ್ತದೆ, ತಿರುಗುವ ರೆಕ್ಕೆಗಳು ಪಕ್ಕದಲ್ಲಿದ್ದವರತ್ತ ಬರುತ್ತವೆ. ಟ್ರ್ಯಾಕ್ಟರಿನ ಪಕ್ಕದಿಂದ ಏರಿಸಿದರೆ ಕಬ್ಬಿಣ ಅದರ ದಿಕ್ಸೂಚಿಯನ್ನು ದಾರಿ ತಪ್ಪಿಸಬಹುದು.

2021ರ ಡ್ರೋನ್ ನಿಯಮಗಳಂತೆ ಇಂಥ ಯಂತ್ರ ಹಾರಿಸುವವರ ಬಳಿ ಪೈಲಟ್ ಪ್ರಮಾಣಪತ್ರ ಇರಬೇಕು. ಬಾಡಿಗೆಗೆ ಕರೆಸುವ ರೈತರು ಅದನ್ನು ಸಂಕೋಚವಿಲ್ಲದೆ ಕೇಳಿ. ಬೆಳಿಗ್ಗೆ ಅಥವಾ ಇಳಿಹೊತ್ತಿಗೆ ಬರಹೇಳಿ. ಏಳಲು ಗಟ್ಟಿಯಾದ ಸಮತಟ್ಟು ಜಾಗ ತೋರಿಸಿ, ಇಲ್ಲದಿದ್ದರೆ ಅಗಲವಾದ ಹಲಗೆ ಹಾಸಿಕೊಡಿ. ಒಂದು ಸುತ್ತು ಉಳಿಸಲು ಟ್ಯಾಂಕನ್ನು ಕೈಪಿಡಿಯ ಮಿತಿ ಮೀರಿ ತುಂಬಲು ಒತ್ತಾಯಿಸಬೇಡಿ. ನೋಡಲು ಓಡಿಬರುವ ಮಕ್ಕಳನ್ನು, ಯಂತ್ರ ನೆಲ ಬಿಟ್ಟು ದೂರ ಹೋಗುವವರೆಗೆ, ಹಿಂದೆಯೇ ನಿಲ್ಲಿಸಿಕೊಳ್ಳಿ.